ವೈದ್ಯರು ತಯಾರಿದ್ದಾರೆ, ಕೋಣೆ ಎಲ್ಲಿದೆ?

ಬಬಲೇಶ್ವರ ಭಾಗದ ನಿಡೋಣಿಯಂಥ ಊರಿನಲ್ಲಿ ಒಬ್ಬರಿಗೆ ನಿದ್ದೆ ಹತ್ತುವುದಿಲ್ಲ, ಊಟ ಸೇರುವುದಿಲ್ಲ, ಕೂತಲ್ಲೇ ಕಣ್ಣೀರು ಬರುತ್ತದೆ ಎಂದಾದರೆ ಮನೆಯವರು ದೇವರನ್ನು ಕೇಳುತ್ತಾರೆ, ಹತ್ತಿರದ ಡಾಕ್ಟರನ್ನು ಕೇಳುತ್ತಾರೆ, ಕೊನೆಗೆ ವಿಜಯಪುರದ ಬಸ್ಸು ಹತ್ತುತ್ತಾರೆ. ಮನೋವೈದ್ಯರು ಸಿಗುವುದು ಅಲ್ಲಿ, ಜಿಲ್ಲಾ ಆಸ್ಪತ್ರೆಯಲ್ಲೋ ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನಲ್ಲೋ. ಹೋಗಿ ಬರುವಷ್ಟರಲ್ಲಿ ಒಂದು ದಿನದ ದಗದ ಹೋಯಿತು. ಫೋನು, ವಿಡಿಯೊ, ಆ್ಯಪುಗಳು ಈ ಹಾದಿಯನ್ನು ಮೊಟಕು ಮಾಡಬಲ್ಲವು ಎಂದು ಎರಡು ದಶಕಗಳಿಂದ ಕೇಳುತ್ತಿದ್ದೇವೆ. ಫೋನಿನ ಆಚೆ ತುದಿಯಲ್ಲಿ ಕೂರಬೇಕಾದ ಮನೋವೈದ್ಯರು, ಮನಃಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸುಗಳು ಇದಕ್ಕೆ ಎಷ್ಟು ಸಿದ್ಧರಿದ್ದಾರೆ ಎಂದು ಕೇಳಿ, ಉತ್ತರಕ್ಕೆ ಅಂಕ ಹಾಕುವ ಒಂದು ಸಣ್ಣ ಶಾಸ್ತ್ರವೇ ಈ ನಡುವೆ ಬೆಳೆದಿದೆ.

ತಮಾಷೆ ಎಂದರೆ, ದೂರದಿಂದ ಚಿಕಿತ್ಸೆ ಕೊಡುವುದರಲ್ಲಿ ಮನೋವೈದ್ಯಶಾಸ್ತ್ರ ಉಳಿದ ವಿಭಾಗಗಳಿಗಿಂತ ಹಿಂದೆ ಬಿದ್ದದ್ದೇ ಇಲ್ಲ. ಅಮೆರಿಕದ ನೆಬ್ರಾಸ್ಕದಲ್ಲಿ ಸಿಸಿಲ್ ವಿಟ್ಸನ್ ಮತ್ತು ಸಂಗಡಿಗರು ಟಿವಿ ಪರದೆಯ ಮೂಲಕ ಗುಂಪು ಚಿಕಿತ್ಸೆ ನಡೆಸಿದ್ದು 1959ರಲ್ಲಿ. ರೋಗಿಯೊಡನೆ ಮಾತಾಡುವ ವೈದ್ಯನಂತೆ ನಟಿಸಿದ ಎಲಿಜಾ ಎಂಬ ಕಂಪ್ಯೂಟರ್ ಪ್ರೋಗ್ರಾಮನ್ನು ಜೋಸೆಫ್ ವೈಜೆನ್‌ಬಾಮ್ ಪ್ರಕಟಿಸಿದ್ದು 1966ರಲ್ಲಿ. ನಾಡಿ ಹಿಡಿಯಬೇಕಿಲ್ಲ, ಹೊಟ್ಟೆ ಒತ್ತಿ ನೋಡಬೇಕಿಲ್ಲ. ಈ ವಿದ್ಯೆಯ ಮುಖ್ಯ ಉಪಕರಣ ಮಾತು, ಮಾತು ತಂತಿಯ ಮೇಲೂ ಹೋಗುತ್ತದೆ. ಆಗ ಯಾರೂ ವೈದ್ಯರ ಸಿದ್ಧತೆಯನ್ನು ಅಳೆಯಲು ಹೋಗಲಿಲ್ಲ. ಆಸಕ್ತಿ ಇದ್ದವರು ಮಾಡಿದರು, ಇಲ್ಲದವರು ಬಿಟ್ಟರು.

ಅಳತೆಗೋಲುಗಳು ಬಂದದ್ದು ಆಸ್ಪತ್ರೆಯಿಂದಲ್ಲ, ವ್ಯಾಪಾರ ನಿರ್ವಹಣೆಯ ಕಾಲೇಜುಗಳಿಂದ. ಫ್ರೆಡ್ ಡೇವಿಸ್ 1989ರಲ್ಲಿ ಎರಡೇ ಪ್ರಶ್ನೆ ಮುಂದಿಟ್ಟರು: ಈ ಸಾಧನದಿಂದ ನನಗೆ ಉಪಯೋಗ ಇದೆ ಅನ್ನಿಸುತ್ತದೆಯೇ, ಬಳಸಲು ಸುಲಭ ಅನ್ನಿಸುತ್ತದೆಯೇ? ಅವರು ಮೊದಲು ಕೇಳಿದ್ದು ಕೆನಡಾದ ಐಬಿಎಂ ನೌಕರರನ್ನು, ಅದೂ ಕಚೇರಿಯ ಇ-ಮೇಲಿನಂಥ ಸಾಧನಗಳ ಬಗ್ಗೆ. ಭಾರತ ಮೂಲದ ಎ. ಪರಶುರಾಮನ್ 2000ದಲ್ಲಿ 36 ಹೇಳಿಕೆಗಳ ತಂತ್ರಜ್ಞಾನ ಸಿದ್ಧತೆಯ ಸೂಚ್ಯಂಕ ರೂಪಿಸಿದರು. 2015ರಲ್ಲಿ ಅದು 16 ಹೇಳಿಕೆಗಳಿಗೆ ಇಳಿಯಿತು. 2003ರಲ್ಲಿ ವಿಶ್ವನಾಥ್ ವೆಂಕಟೇಶ್ ಮತ್ತಿತರರು ಅಲ್ಲಿಯವರೆಗಿನ ಪ್ರಮುಖ ಮಾದರಿಗಳನ್ನು ಒಟ್ಟುಗೂಡಿಸಿ, ಉಪಯೋಗದ ನಿರೀಕ್ಷೆ, ಪಡಬೇಕಾದ ಶ್ರಮ, ಸುತ್ತಲಿನವರ ಒತ್ತಾಸೆ, ಅನುಕೂಲದ ಪರಿಸ್ಥಿತಿ ಎಂಬ ನಾಲ್ಕು ಕಂಬಗಳ ಮೇಲೆ ಒಂದು ಮಾದರಿ ನಿಲ್ಲಿಸಿದರು. ಇಂದು ಮನೋವೈದ್ಯರ ಕೈಗೆ ಬರುವ ಪ್ರಶ್ನಾವಳಿಗಳಲ್ಲಿ ಹೆಚ್ಚಿನವು ಇವೇ ಮೂರರ ಮಕ್ಕಳು, ಮೊಮ್ಮಕ್ಕಳು.

ಇಂಥ ಪ್ರಶ್ನಾವಳಿ ಹೇಗಿರುತ್ತದೆ? ಎಡಕ್ಕೆ ಒಂದು ಹೇಳಿಕೆ, ಬಲಕ್ಕೆ ಐದೋ ಏಳೋ ಚೌಕ. ‘ಪೂರ್ಣ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗೆ. ವೈದ್ಯರು ಗುರುತು ಹಾಕುತ್ತಾರೆ, ಕೂಡಿಸಿದರೆ ಒಂದು ಮೊತ್ತ. ಪರಶುರಾಮನ್ ಅವರ ಸೂಚ್ಯಂಕದಲ್ಲಿ ಉತ್ಸಾಹ ಮತ್ತು ಹೊಸತನದ ಒಲವು ಅಂಕ ಕೂಡಿಸುತ್ತವೆ, ಮುಜುಗರ ಮತ್ತು ಅಭದ್ರತೆ ಕಳೆಯುತ್ತವೆ. ಬ್ಯಾಂಕಿನ ಗಿರಾಕಿಗೆ ಇದು ಸರಿ. ಮನೋವೈದ್ಯರಿಗೆ ಸರಿಯೇ? ಆತ್ಮಹತ್ಯೆಯ ಯೋಚನೆ ಇರುವ ಹುಡುಗಿಯೊಡನೆ, ಗಂಡನ ಮನೆಯವರು ಪಕ್ಕದಲ್ಲೇ ಕೂತಿರುವಾಗ, ವಿಡಿಯೊದಲ್ಲಿ ಮಾತಾಡಲು ವೈದ್ಯೆ ಹಿಂಜರಿದರೆ ಅದು ಕೊರತೆಯಲ್ಲ, ಕಸುಬಿನ ವಿವೇಕ. ಅಳತೆಗೋಲು ಮಾತ್ರ ಅದನ್ನು ಕೊರತೆ ಎಂದೇ ಬರೆದುಕೊಳ್ಳುತ್ತದೆ. ಈ ಶಾಸ್ತ್ರದ ಅತಿ ದೊಡ್ಡ ದೋಷ ಇದೇ ಎಂದು ನನ್ನ ಅನಿಸಿಕೆ.

ಎರಡನೆಯ ತಿರುವು 2009ರದು. ಬ್ರಯಾನ್ ವೀನರ್ ಸಿದ್ಧತೆಯನ್ನು ವ್ಯಕ್ತಿಯ ಮನಸ್ಸಿನಿಂದ ಸಂಸ್ಥೆಯ ಕಡೆಗೆ ಎಳೆದರು. ಮಾಡಬೇಕೆಂಬ ಸಂಕಲ್ಪ ಎಲ್ಲರಲ್ಲೂ ಒಟ್ಟಾಗಿ ಇದೆಯೇ, ಮಾಡಬಲ್ಲೆವೆಂಬ ನಂಬಿಕೆ ಇದೆಯೇ ಎಂದು ಕೇಳಿದರು. ಒಬ್ಬರ ಉತ್ಸಾಹವೊಂದೇ ಸಾಲದು. ಎತ್ತು, ಬೀಜ ಎರಡೂ ಮನೆಯಲ್ಲಿದ್ದು ಹದ ಬಾರದಿದ್ದರೆ ಬಿತ್ತಿಗೆ ಆಗದು ಎಂಬುದು ವಿಜಯಪುರದ ರೈತನಿಗೆ ಹೇಳಿಕೊಡಬೇಕಾದ ಮಾತಲ್ಲ. ಸಂಶೋಧಕರಿಗೆ ಅದು ಹೊಳೆಯಲು ಇಪ್ಪತ್ತು ವರ್ಷ ಹಿಡಿಯಿತು.

ಕರ್ನಾಟಕದ ದಾರಿ ಬೇರೆ. ಇಲ್ಲಿ ಪ್ರಶ್ನೆ ಹುಟ್ಟಿದ್ದು ಕಂಪ್ಯೂಟರಿಗಿಂತ ಮೊದಲೇ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಆ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯಬಹುದೆಂದು ತೋರಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಅಂದಿನ ಚಿಂತೆಯೂ ಸಿದ್ಧತೆಯದೇ: ಜ್ವರ, ಭೇದಿ ನೋಡುವ ಡಾಕ್ಟರು ಖಿನ್ನತೆಯನ್ನು ಗುರುತಿಸಿಯಾರೇ?

ಯಂತ್ರ ಬಂದದ್ದು ಆಮೇಲೆ. 2002ರಲ್ಲಿ ಇಸ್ರೊ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಣೆಯಾಯಿತು. ಅದು ಹೃದ್ರೋಗಕ್ಕೆ. ಮನೋವೈದ್ಯದಲ್ಲಿ ನೆರೆಯ ತಮಿಳುನಾಡು ಮುಂದಿತ್ತು: ಚೆನ್ನೈನ ಸ್ಕಾರ್ಫ್ ಸಂಸ್ಥೆ 2010ರಲ್ಲಿ ಪುದುಕ್ಕೋಟೆ ಜಿಲ್ಲೆಯ ಹಳ್ಳಿಗಳಿಗೆ ಟೆಲಿ ಸೌಲಭ್ಯದ ಬಸ್ಸನ್ನೇ ಕಳಿಸಿತು. ನಿಮ್ಹಾನ್ಸ್ 2014ರ ಹೊತ್ತಿಗೆ ವಿಡಿಯೊ ಮೂಲಕ ಜಿಲ್ಲೆಗಳ ವೈದ್ಯರಿಗೆ ಪಾಠ ಹೇಳುವ ಇಕೊ ಮಾದರಿಯನ್ನು ತಂದಿತು, 2018ರಲ್ಲಿ ಡಿಜಿಟಲ್ ಅಕಾಡೆಮಿ ತೆರೆಯಿತು.

ನಿಮ್ಹಾನ್ಸಿನ ಒಂದು ಕೆಲಸವನ್ನು ಹತ್ತಿರದಿಂದ ನೋಡಬೇಕು. ಸುರೇಶ್ ಬಡಾ ಮಠ, ಸಿ. ನವೀನ್ ಕುಮಾರ್, ಎನ್. ಮಂಜುನಾಥ ಮೊದಲಾದವರ ತಂಡ ಸಮಾಲೋಚನೆಯ ನಡುವೆಯೇ ಕಲಿಸುವ ಪದ್ಧತಿಯೊಂದನ್ನು ರೂಪಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ತಮ್ಮದೇ ಒಪಿಡಿಯಲ್ಲಿ, ತಮ್ಮದೇ ಮೇಜಿನ ಮುಂದೆ ಕೂತಿರುತ್ತಾರೆ. ಬೆಂಗಳೂರಿನ ಮನೋವೈದ್ಯರು ವಿಡಿಯೊದಲ್ಲಿ ಜೊತೆಗೂಡುತ್ತಾರೆ. ಮೈಕೈ ನೋವೆಂದು ಬಂದ ರೋಗಿಯನ್ನು ನಿದ್ದೆಯ ಬಗ್ಗೆ, ದಣಿವಿನ ಬಗ್ಗೆ, ಕುಡಿತದ ಬಗ್ಗೆ ಹೇಗೆ ಕೇಳಬೇಕೆಂದು ಅಲ್ಲೇ, ಆ ರೋಗಿಯ ಎದುರೇ ತೋರಿಸುತ್ತಾರೆ. ಆಮೇಲೆ ಅಳೆದದ್ದು ವೈದ್ಯರ ಧೋರಣೆಯನ್ನಲ್ಲ. ತರಬೇತಿಯ ನಂತರ ಅವರ ಒಪಿಡಿಯಲ್ಲಿ ಎಷ್ಟು ಮಾನಸಿಕ ರೋಗಿಗಳು ಗುರುತಾದರು ಎಂಬುದನ್ನು. ‘ಮಾಡುತ್ತೀರಾ?’ ಎಂದು ಕೇಳಿ ಅಂಕ ಹಾಕುವುದಕ್ಕೂ ‘ಮಾಡಿದಿರಾ?’ ಎಂದು ಎಣಿಸುವುದಕ್ಕೂ ಇರುವ ಅಂತರ ಸಣ್ಣದಲ್ಲ. ಈ ಕ್ಷೇತ್ರಕ್ಕೆ ನಮ್ಮ ರಾಜ್ಯದ ನಿಜವಾದ ಕೊಡುಗೆ ಯಾವುದೆಂದರೆ ನಾನು ಇದನ್ನೇ ತೋರಿಸುತ್ತೇನೆ.

2020ರ ಮಾರ್ಚ್ 25ರಂದು, ದೇಶಕ್ಕೆ ಬೀಗ ಬಿದ್ದ ದಿನವೇ, ಕೇಂದ್ರದ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಿತ್ತು. ಮೇ ತಿಂಗಳಲ್ಲಿ ಭಾರತೀಯ ಮನೋವೈದ್ಯರ ಸಂಘ, ನಿಮ್ಹಾನ್ಸ್ ಮತ್ತು ಟೆಲಿಮೆಡಿಸಿನ್ ಸೊಸೈಟಿ ಸೇರಿ ಟೆಲಿಮನೋವೈದ್ಯಕ್ಕೇ ಪ್ರತ್ಯೇಕ ಮಾರ್ಗಸೂಚಿ ತಂದವು. ಸಿದ್ಧರೋ ಇಲ್ಲವೋ, ಎಲ್ಲರೂ ಫೋನು ಹಿಡಿದರು. ಅದರ ಬೆನ್ನಿಗೇ ಜಗತ್ತಿನಾದ್ಯಂತ ಸಮೀಕ್ಷೆಗಳ ಸುಗ್ಗಿ. ಇವುಗಳಲ್ಲಿ ಬಹುಪಾಲು ಆನ್‌ಲೈನ್ ಫಾರ್ಮುಗಳು. ಡಿಜಿಟಲ್ ಸಾಧನ ಒಗ್ಗುತ್ತದೆಯೇ ಎಂದು ಡಿಜಿಟಲ್ ಸಾಧನದಲ್ಲೇ ಕೇಳಿದರೆ ಉತ್ತರ ಕೊಡುವವರು ಯಾರು? ಒಗ್ಗಿಸಿಕೊಂಡವರೇ. ಈ ಕಾಲದ ಹೆಚ್ಚಿನ ಅಂಕಿಗಳನ್ನು ನಾನು ಒಂದು ಚಿಟಿಕೆ ಅನುಮಾನದಿಂದಲೇ ಓದುತ್ತೇನೆ.

2022ರ ಅಕ್ಟೋಬರ್ 10ರಂದು ಮಾನಸಿಕ ಆರೋಗ್ಯದ ರಾಷ್ಟ್ರೀಯ ಸಹಾಯವಾಣಿ ಟೆಲಿ ಮಾನಸ್ ಶುರುವಾಯಿತು. ಮುಖ್ಯ ಕೇಂದ್ರ ನಿಮ್ಹಾನ್ಸ್, ತಂತ್ರಜ್ಞಾನದ ನೆರವು ಬೆಂಗಳೂರಿನ ಐಐಐಟಿಯದು. 14416ಕ್ಕೆ ಕರೆ ಮಾಡಿ ಕನ್ನಡ ಆರಿಸಿಕೊಂಡರೆ ಮೊದಲು ಆಪ್ತಸಮಾಲೋಚಕರು ಸಿಗುತ್ತಾರೆ. ಅವರ ಕೈಮೀರಿದ್ದು ತಜ್ಞರಿಗೆ ಹೋಗುತ್ತದೆ. ಎರಡು ವರ್ಷದಲ್ಲಿ ದೇಶದಾದ್ಯಂತ 14 ಲಕ್ಷಕ್ಕೂ ಹೆಚ್ಚು ಕರೆ ಬಂದವು. 2024ರ ಅಕ್ಟೋಬರಿನಲ್ಲಿ ವಿಡಿಯೊ ಸಮಾಲೋಚನೆ ಸೇರಿದಾಗ ಮೊದಲು ಆರಿಸಿದ ಮೂರು ಕಡೆಗಳಲ್ಲಿ ಕರ್ನಾಟಕವೂ ಒಂದು. ಅಗತ್ಯದ ಬಗ್ಗೆ ಅನುಮಾನವಿಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಗೆ ಅನುಗುಣವಾಗಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. (ಸಮೀಕ್ಷೆ ನಡೆಸಿದ್ದು ನಿಮ್ಹಾನ್ಸ್, ಆಗಿನ 12 ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೇ ಇರಲಿಲ್ಲ.)

ಈಗಿನ ಸರದಿ ಆ್ಯಪುಗಳದು, ಕೃತಕ ಬುದ್ಧಿಮತ್ತೆಯದು. ಬೆಂಗಳೂರಿನಲ್ಲಿ ಬೆಳೆದ ವೈಸಾ ಎಂಬ ಆ್ಯಪು ಹೊರದೇಶಗಳಲ್ಲೂ ಹೆಸರು ಮಾಡಿದೆ. ಅಮೆರಿಕದಲ್ಲಿ ಪಿಯರ್ ಥೆರಪ್ಯೂಟಿಕ್ಸಿನ ಆ್ಯಪಿಗೆ 2017ರಲ್ಲಿ ಸರ್ಕಾರಿ ಮಂಜೂರಾತಿ ಸಿಕ್ಕಿತು. 2023ರಲ್ಲಿ ಕಂಪನಿ ದಿವಾಳಿಯಾಯಿತು. ವಿಮೆಯವರು ದುಡ್ಡು ಕೊಡಲು ಮುಂದಾಗದಿದ್ದದ್ದು ಒಂದು ದೊಡ್ಡ ಕಾರಣ. ಇನ್ನು ಮುಂದೆ ವೈದ್ಯರಿಗೆ ಬೇಕಾದ ಸಿದ್ಧತೆ ಎಂದರೆ ಬಳಸುವ ಉಮೇದು ಮಾತ್ರವಲ್ಲ, ಯಾವುದನ್ನು ಯಾವ ರೋಗಿಗೆ ಬೇಡವೆನ್ನಬೇಕೆಂಬ ತಿಳಿವಳಿಕೆಯೂ ಹೌದು. ಅದಕ್ಕೆ ಅಂಕ ಕೊಡುವ ಚೌಕ ಹಳೆಯ ಪ್ರಶ್ನಾವಳಿಗಳಲ್ಲಿಲ್ಲ.

ವಿಜಯಪುರ ಜಿಲ್ಲೆಯಲ್ಲಿ ಇಂಥ ಅಧ್ಯಯನಕ್ಕೆ ಹೊರಡುವ ಎಂ.ಡಿ. ವಿದ್ಯಾರ್ಥಿಗಳಿಗೆ, ಅವರ ಮಾರ್ಗದರ್ಶಕರಿಗೆ ನನ್ನದೊಂದು ವಿನಂತಿ. ಪ್ರಶ್ನಾವಳಿಯನ್ನು ವಾಟ್ಸ್‌ಆ್ಯಪಿನಲ್ಲಿ ಹಂಚಿ ಸುಮ್ಮನಾಗಬೇಡಿ. ಕಾಗದದ ಪ್ರತಿ ಹಿಡಿದು ಟಿಕೋಟಾ, ಬಬಲೇಶ್ವರದ ಆಸ್ಪತ್ರೆಗಳಿಗೆ ಹೋಗಿ. ‘ಒಪ್ಪುತ್ತೀರಾ?’ ಎಂಬುದರ ಜೊತೆಗೆ ಇಷ್ಟು ಕೇಳಿ: ರೋಗಿ ಗುಟ್ಟಾಗಿ ಮಾತಾಡಲು ಬಾಗಿಲು ಹಾಕುವ ಕೋಣೆ ಇದೆಯೇ? ಕರೆಂಟು ಹೋದರೆ ವೈಫೈ ನಿಲ್ಲುತ್ತದೆಯೇ? ಒಪಿಡಿಯ ಗದ್ದಲದಲ್ಲಿ ಒಬ್ಬ ರೋಗಿಗೆ ಇಪ್ಪತ್ತು ನಿಮಿಷ ಕೊಡಲು ಆಗುತ್ತದೆಯೇ? ಕರೆ ಅರ್ಧಕ್ಕೆ ಕಡಿದಾಗ ರೋಗಿ ಅಪಾಯದಲ್ಲಿದ್ದರೆ ಮನೆಗೆ ಹೋಗಿ ನೋಡುವ ಆಶಾ ಕಾರ್ಯಕರ್ತೆಯ ನಂಬರು ಮೇಜಿನ ಮೇಲಿದೆಯೇ? ಕಳೆದ ತಿಂಗಳು ಎಷ್ಟು ಜನರನ್ನು ನಿಜವಾಗಿ ವಿಡಿಯೊದಲ್ಲಿ ನೋಡಿದಿರಿ? ನಿಡೋಣಿಯ ರೋಗಿಗೆ ಬೇಕಿರುವುದು ಈ ಐದರ ಉತ್ತರ. ವೈದ್ಯರ ಉತ್ಸಾಹದ ಮೊತ್ತವನ್ನು ಅದರ ಕೆಳಗೆ ಬರೆದರೆ ಸಾಕು.