ನಾಯಿಯ ಗೋತ್ರ

ನಂದೊಳ್ಳಿಯ ಮನೆಗೆ ಪೇಟೆಯಿಂದ ಒಂದು ಅಲ್ಸೇಶನ್ ಮರಿ ತಂದಿದ್ದೆವು. ಶುದ್ಧ ತಳಿ, ಕಾಗದಪತ್ರ ಬೇರೆ. ವರ್ಷ ತುಂಬುವುದರೊಳಗೆ ಅದಕ್ಕೆ ಜಗುಲಿಯ ಮೆಟ್ಟಿಲು ಹತ್ತಲಾಗದಾಯಿತು. ಸೊಂಟದ ಕೀಲು ಸರಿಯಾಗಿ ಕೂತಿಲ್ಲ, ಇದು ಹೆಚ್ಚಾಗಿ ವಂಶದಿಂದ ಬರುವುದು ಎಂದರು ದನದ ಡಾಕ್ಟರು. ಕಾಗದ ಬಿಡಿಸಿ ನೋಡಿದರೆ ತಾಯಿಯ ಕಡೆಗೂ ತಂದೆಯ ಕಡೆಗೂ ಅಜ್ಜ ಅಜ್ಜಿ ಅವೇ! ಆಯಿ ಬೆಚ್ಚಿ, “ನಾಯಿಗೆ ಗೋತ್ರ ಇಲ್ಯ?” ಎಂದಳು.

ಇತ್ತು, ಒಂದೇ ಗೋತ್ರ. ಸ್ಟೆಫಾನಿಟ್ಸ್ ಎಂಬ ಜರ್ಮನ್ ಕ್ಯಾಪ್ಟನ್ 1899ರಲ್ಲಿ ಹೊರಾಂಡ್ ಎಂಬ ಕುರಿನಾಯಿಯನ್ನು ಮೆಚ್ಚಿ ಕೊಂಡು, ಸಂಘ ಕಟ್ಟಿ, ತಳಿಯ ಪುಸ್ತಕದಲ್ಲಿ ಅದನ್ನೇ ಮೊದಲು ಬರೆಸಿದ. ಅದರ ಮಕ್ಕಳು ಮೊಮ್ಮಕ್ಕಳನ್ನೇ ಮತ್ತೆ ಮತ್ತೆ ಕೂಡಿಸಿದರು. ರೂಪವೇನೋ ಒಂದೇ ಅಚ್ಚಿಗೆ ಬಂತು. ಒಂದೊಂದರಲ್ಲಿ ಅಡಗಿದ್ದ ದೋಷ ಎರಡೂ ಕಡೆಯಿಂದ ಇಳಿದು ಮರಿಯಲ್ಲಿ ಎದ್ದು ಕಂಡಿತು. ಲಂಡನ್ನಿನ ಕೆನಲ್ ಕ್ಲಬ್ ಹುಟ್ಟಿದ್ದು 1873ರಲ್ಲಿ. ಒಡಹುಟ್ಟಿದವುಗಳ ಮರಿಗಳನ್ನು ನೋಂದಾಯಿಸುವುದಿಲ್ಲ ಎಂದದ್ದು 2009ರಲ್ಲಿ! ಆಯಿಯನ್ನು ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದಳು.

ನಮ್ಮ ಮುಧೋಳದ ನಾಯಿ ಹುಟ್ಟಿದ್ದು ಪುಸ್ತಕದಲ್ಲಲ್ಲ. ಬೇಡರು ಬೇಟೆಗೆ ಸಾಕಿದ್ದ ನಾಯಿಗಳನ್ನು ರಾಜಾ ಮಾಲೋಜಿರಾವ್ ಘೋರ್ಪಡೆಯವರು ಮೆಚ್ಚಿ ಬೆಳೆಸಿದರಂತೆ. ಓಡಲಾರದ್ದು ಅಲ್ಲಿ ಉಳಿಯುತ್ತಲೇ ಇರಲಿಲ್ಲ. 2005ರಲ್ಲಿ ಅದರ ಅಂಚೆಚೀಟಿ ಬಂತು, 2016ರಲ್ಲಿ ಸೈನ್ಯ ಮರಿಗಳನ್ನು ಒಯ್ದಿತು. ಈಗ ಅದಕ್ಕೂ ಬೆಲೆ. ಕೊಳ್ಳುವವರು ಎತ್ತರ, ಬಣ್ಣ ಕೇಳುತ್ತಾರೆ; ಅಜ್ಜ ಯಾರು ಎಂದು ಕೇಳುವವರು ಕಡಿಮೆ. ನಾವೂ ಕೇಳಿರಲಿಲ್ಲವಲ್ಲ.

ನಮ್ಮ ನಾಯಿ ನಾಲ್ಕು ವರ್ಷ ಇತ್ತು. ಕೊನೆಯ ಮಳೆಗಾಲದಲ್ಲಿ ಆಯಿಯೇ ಅದನ್ನು ಗೋಣಿಯ ಮೇಲೆ ಮಲಗಿಸಿ, ಸೊಂಟಕ್ಕೆ ಬಿಸಿ ಎಣ್ಣೆ ತಿಕ್ಕುತ್ತಿದ್ದಳು.