15 ಖಾನೆ, 700 ಅಕ್ಷರ: ವೈದ್ಯರಾಗ ಹೊರಟವರ ‘ಇತರ ಚಟುವಟಿಕೆ’ಗಳ ಕಥೆ

ಇವತ್ತಿನ ಸಂಚಿಕೆಯಲ್ಲಿ ಒಂದು ಅರ್ಜಿ ನಮೂನೆಯ ಚರಿತ್ರೆ ಹೇಳ್ತೀನಿ. ಅರ್ಜಿಗೆಂಥಾ ಚರಿತ್ರೆ ಅನ್ನಬೇಡಿ. ಯಾರು ಒಳಗೆ ಬರಬೇಕು, ಯಾರು ಹೊರಗೇ ನಿಲ್ಲಬೇಕು ಅಂತ ತೀರ್ಮಾನಿಸುವ ಕಾಗದದ ಹಿಂದೆ ಯಾವಾಗಲೂ ಒಂದು ಜಗಳ ಇರುತ್ತೆ.

ಅಮೆರಿಕದಲ್ಲಿ ಎಂ.ಡಿ. ಓದೋಕೆ ಸಾಮಾನ್ಯವಾಗಿ ಮೊದಲು ಒಂದು ಪದವಿ ಮುಗಿಸಿ, ಎಂಕ್ಯಾಟ್ ಪರೀಕ್ಷೆ ಬರೆದು, ಆಮೇಲೆ ಆಮ್‌ಕ್ಯಾಸ್ ಅನ್ನೋ ಸಾಮಾನ್ಯ ಅರ್ಜಿ ತುಂಬಬೇಕು. ಬಹಳಷ್ಟು ಕಾಲೇಜುಗಳಿಗೆ ಇದೊಂದೇ ಅರ್ಜಿ. ಅದರಲ್ಲಿ ಅಂಕಗಳ ಜೊತೆಗೆ ‘ಕೆಲಸ ಮತ್ತು ಚಟುವಟಿಕೆ’ ಅನ್ನೋ ಭಾಗ ಇದೆ. ಹೆಚ್ಚೆಂದರೆ 15 ಚಟುವಟಿಕೆ ಬರೀಬಹುದು. ಪ್ರತಿಯೊಂದಕ್ಕೂ 700 ಅಕ್ಷರ, ಖಾಲಿ ಜಾಗವನ್ನೂ ಸೇರಿಸಿ. ಎಷ್ಟು ಗಂಟೆ ಮಾಡಿದ್ದು, ಯಾವಾಗಿಂದ ಯಾವಾಗಿನವರೆಗೆ, ಯಾರನ್ನು ಕೇಳಿದರೆ ಗೊತ್ತಾಗುತ್ತೆ, ಎಲ್ಲಾ ನಮೂದಿಸಬೇಕು. ಅದರಲ್ಲಿ ಮೂರನ್ನು ‘ಅತ್ಯಂತ ಅರ್ಥಪೂರ್ಣ’ ಅಂತ ಗುರುತು ಮಾಡಬಹುದು. ಆ ಮೂರಕ್ಕೆ ಇನ್ನೂ 1,325 ಅಕ್ಷರ ಸಿಗುತ್ತೆ.

ನ್ಯೂಜೆರ್ಸಿಯಲ್ಲಿರೋ ನನ್ನ ತಂಗಿ ಮಗಳು ಹೋದ ವರ್ಷ ತನ್ನ ಪಟ್ಟಿ ಕಳಿಸಿ, ಯಾವುದನ್ನು ಬಿಡಲಿ ಅಂತ ಕೇಳಿದಳು. 22 ಇದ್ದವು. ಭರತನಾಟ್ಯ, ಕನ್ನಡ ಶಾಲೆಯಲ್ಲಿ ಪಾಠ, ಲ್ಯಾಬಿನಲ್ಲಿ ಎರಡು ಬೇಸಿಗೆ, ಒಂದು ವಾರಾಂತ್ಯದ ಆರೋಗ್ಯ ಶಿಬಿರ, ಹೆಸರಿಗಷ್ಟೇ ಸದಸ್ಯತ್ವ ಇದ್ದ ನಾಲ್ಕು ಕ್ಲಬ್ಬು. ಪಟ್ಟಿಯಲ್ಲಿ ಇಲ್ಲದೇ ಇದ್ದದ್ದು ಇನ್ನೊಂದು. ಮೂರು ವರ್ಷ ಪ್ರತಿ ಶನಿವಾರ, ಭಾನುವಾರ ಒಂದು ದಿನಸಿ ಅಂಗಡಿಯ ಕ್ಯಾಶ್ ಕೌಂಟರಿನಲ್ಲಿ ನಿಂತು ತನ್ನ ಫೀಸಿನ ಒಂದು ಭಾಗ ತಾನೇ ಕಟ್ಟಿದ್ದು. ಅದ್ಯಾಕಮ್ಮ ಹಾಕಿಲ್ಲ ಅಂದೆ. “ಅದು ಚಟುವಟಿಕೆ ಅಲ್ವಲ್ಲ ಮಾವ, ಕೆಲಸ” ಅಂದಳು.

ಯಾವುದು ಚಟುವಟಿಕೆ, ಯಾವುದು ಅಲ್ಲ ಅಂತ ಅವಳಿಗೆ ಹೇಳಿಕೊಟ್ಟವರು ಯಾರು? ಇದಕ್ಕೆ ಉತ್ತರ ಬೇಕಿದ್ದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

1910ರವರೆಗೆ ಅಮೆರಿಕದ ಎಷ್ಟೋ ಮೆಡಿಕಲ್ ಕಾಲೇಜುಗಳಲ್ಲಿ ಫೀಸು ಕಟ್ಟಿದವನಿಗೆ ಸೀಟು ಸಿಗ್ತಿತ್ತು. ಆ ವರ್ಷ ಅಬ್ರಹಾಂ ಫ್ಲೆಕ್ಸ್‌ನರ್ ಅನ್ನೋ ಶಿಕ್ಷಣ ತಜ್ಞರು ಅಮೆರಿಕ ಮತ್ತು ಕೆನಡಾದ 155 ಕಾಲೇಜುಗಳನ್ನು ನೋಡಿ ವರದಿ ಕೊಟ್ಟರು. ಲ್ಯಾಬು, ಆಸ್ಪತ್ರೆ ಇಲ್ಲದ ಕಾಲೇಜುಗಳು ಒಂದೊಂದಾಗಿ ಬಾಗಿಲು ಹಾಕಿದವು. ಗುಣಮಟ್ಟ ಏರಿತು, ನಿಜ. ಆದರೆ ಕರಿಯರಿಗಾಗಿ ಇದ್ದ ಏಳು ಕಾಲೇಜುಗಳಲ್ಲಿ ಕೊನೆಗೆ ಉಳಿದದ್ದು ಹೋವರ್ಡ್ ಮತ್ತು ಮೆಹಾರಿ ಎರಡೇ. ಸೀಟು ಕಮ್ಮಿ, ಅರ್ಜಿ ಜಾಸ್ತಿ. ಈಗ ಆರಿಸಲೇಬೇಕಾಯಿತು.

ಅಂಕ ನೋಡಿ ಆರಿಸಿದರೆ ಆಗ್ತಿತ್ತಲ್ಲ? ಅಲ್ಲೇ ತೊಡಕು ಶುರುವಾಗಿದ್ದು. 1920ರ ದಶಕದ ನ್ಯೂಯಾರ್ಕಿನಲ್ಲಿ ಚೆನ್ನಾಗಿ ಅಂಕ ತೆಗೀತಿದ್ದವರಲ್ಲಿ ಪೂರ್ವ ಯುರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು ಬಹಳ ಮಂದಿ. ಕೆಲವು ವಿಶ್ವವಿದ್ಯಾಲಯಗಳ ಆಡಳಿತಕ್ಕೆ ಅದು ಸರಿಬರಲಿಲ್ಲ. ಹಾರ್ವರ್ಡಿನ ಅಧ್ಯಕ್ಷ ಲಾರೆನ್ಸ್ ಲೋವೆಲ್ 1922ರಲ್ಲಿ ಯಹೂದಿಗಳ ಸಂಖ್ಯೆಗೆ ಮಿತಿ ಹಾಕೋಣ ಅಂತ ನೇರವಾಗಿಯೇ ಸೂಚಿಸಿದರು. ಗದ್ದಲವಾಯಿತು, ಮಿತಿ ಅನ್ನೋ ಮಾತು ಬಿದ್ದುಹೋಯಿತು. ಅದರ ಜಾಗಕ್ಕೆ ಬಂದದ್ದು ‘ಚಾರಿತ್ರ್ಯ’, ‘ವ್ಯಕ್ತಿತ್ವ’ ಅನ್ನೋ ಮಾತುಗಳು. ಅರ್ಜಿಯಲ್ಲಿ ಧರ್ಮ ಯಾವುದು, ಅಪ್ಪ ಅಮ್ಮ ಹುಟ್ಟಿದ್ದೆಲ್ಲಿ ಅನ್ನೋ ಪ್ರಶ್ನೆಗಳು ಬಂದವು. ಸಂದರ್ಶನ ಬಂತು. ಮೆಡಿಕಲ್ ಕಾಲೇಜುಗಳೂ ಇದೇ ದಾರಿ ಹಿಡಿದವು. ಕೊಲಂಬಿಯಾ, ಕಾರ್ನೆಲ್ ಮೆಡಿಕಲ್ ಕಾಲೇಜುಗಳಲ್ಲಿ 1940ರ ಹೊತ್ತಿಗೆ ಯಹೂದಿ ವಿದ್ಯಾರ್ಥಿಗಳ ಪಾಲು ಪಾತಾಳ ಕಂಡಿತ್ತು. ನ್ಯೂಯಾರ್ಕ್ ರಾಜ್ಯ ಇದರ ವಿರುದ್ಧ ಕಾನೂನು ತಂದದ್ದು 1948ರಲ್ಲಿ.

ಹಾಗಂತ ವ್ಯಕ್ತಿತ್ವ ನೋಡೋದೇ ಮೋಸ ಅಂತ ತೀರ್ಪು ಕೊಡಬೇಡಿ. ರೋಗಿಯ ಕೈ ಹಿಡಿದು ಕೂರಬಲ್ಲವರು ಯಾರು ಅಂತ ಯಾವ ಅಂಕಪಟ್ಟಿಯೂ ಹೇಳಲ್ಲ. ಈ ಕಥೆ ಇಕ್ಕಟ್ಟಾಗೋದು ಇಲ್ಲೇ. ಅದೇ ಖಾನೆ ಒಬ್ಬರನ್ನು ಹೊರಗಿಡೋಕೂ ಬರುತ್ತೆ, ಇನ್ನೊಬ್ಬರನ್ನು ಒಳಗೆ ತರೋಕೂ ಬರುತ್ತೆ.

1970ರ ದಶಕದಲ್ಲಿ ಇದು ಕೋರ್ಟಿಗೇ ಹೋಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಮೆಡಿಕಲ್ ಕಾಲೇಜು, 100 ಸೀಟು. ಅದರಲ್ಲಿ 16 ಸೀಟು ಅಲ್ಪಸಂಖ್ಯಾತ ಸಮುದಾಯಗಳಿಗೆ ಮೀಸಲು. ಸಂದರ್ಶನ, ಅಂಕ, ಎಂಕ್ಯಾಟ್, ಶಿಫಾರಸು ಪತ್ರ, ಪಠ್ಯೇತರ ಚಟುವಟಿಕೆ ಎಲ್ಲಾ ಕಲಸಿ ಸಮಿತಿಯ ಒಬ್ಬೊಬ್ಬ ಸದಸ್ಯರೂ 100ಕ್ಕೆ ಇಷ್ಟು ಅಂತ ಕೊಡ್ತಿದ್ದರು. ಅಲನ್ ಬಕಿ ಅನ್ನೋ ಎಂಜಿನಿಯರ್‌ಗೆ 1973ರಲ್ಲಿ 500ಕ್ಕೆ 468, ಮರುವರ್ಷ 600ಕ್ಕೆ 549 ಬಂತು. ಎರಡು ಸಲವೂ ಸೀಟು ಸಿಗಲಿಲ್ಲ. 1978ರಲ್ಲಿ ಸುಪ್ರೀಂ ಕೋರ್ಟ್, ಸೀಟುಗಳನ್ನು ಬೇರೆಯಾಗಿ ಎತ್ತಿಡೋದು ತಪ್ಪು, ಆದರೆ ಹಲವು ಅಂಶಗಳಲ್ಲಿ ಜನಾಂಗವನ್ನೂ ಒಂದಾಗಿ ನೋಡಬಹುದು ಅಂದಿತು. 2023ರಲ್ಲಿ ಅದನ್ನೂ ತೆಗೆದುಹಾಕಿತು. ಆದರೆ ಅಭ್ಯರ್ಥಿ ತನ್ನ ಬದುಕಿನ ಅನುಭವವನ್ನು ತಾನೇ ಬರೆದರೆ ಪರಿಗಣಿಸಬಹುದು ಅಂತಲೂ ಹೇಳಿತು. ಅಂದರೆ ಭಾರವೆಲ್ಲಾ ಮತ್ತೆ ಬಂದು ಕೂತದ್ದು ಆ ಬರೆಯುವ ಖಾನೆಗಳ ಮೇಲೇ.

ಇದೆಲ್ಲಾ ಅಮೆರಿಕದ ಮಾತು, ನಮಗೇನು ಅನ್ನೋರಿಗೆ ಒಂದು ವಿಷಯ. ನಮ್ಮಲ್ಲೂ ಈ ಖಾನೆ ಇತ್ತು. 1963ರಲ್ಲಿ ಆಗಿನ ಮೈಸೂರು ಸರ್ಕಾರ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಿಗೆ ಸಂದರ್ಶನದ ಅಂಕ ಇಟ್ಟಿತು. ಎಷ್ಟು ಗೊತ್ತಾ? ಆಯ್ಕೆಗೆ ಲೆಕ್ಕ ಹಿಡಿಯುವ ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ 25. ಯಾವುದರ ಮೇಲೆ? ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಹಿಂದಿನ ಓದು, ಎನ್‌ಸಿಸಿ, ಆಮೇಲೆ ಕ್ರೀಡೆ, ಸಮಾಜ ಸೇವೆ, ಚರ್ಚಾಸ್ಪರ್ಧೆ, ನಾಟಕ. ನಾಟಕದಲ್ಲಿ ಪಾತ್ರ ಮಾಡಿದ್ದೂ ಡಾಕ್ಟರ್ ಆಗೋಕೆ ದಾರಿ! ಸೀಟು ಸಿಗದವರು ಕೋರ್ಟಿಗೆ ಹೋದರು. ಚಿತ್ರಲೇಖಾ ಪ್ರಕರಣ ಅಂತಲೇ ಅದು ಹೆಸರಾಗಿದೆ. 1964ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು ಸಂದರ್ಶನವನ್ನು ಎತ್ತಿಹಿಡಿಯಿತು. ದುರುಪಯೋಗ ಆಗಬಹುದು ಅನ್ನೋ ಕಾರಣಕ್ಕೆ ಪದ್ಧತಿಯನ್ನೇ ಕೈಬಿಡಬೇಕಿಲ್ಲ ಅನ್ನೋದು ಅದರ ತರ್ಕ. ನ್ಯಾಯಮೂರ್ತಿ ಮುಧೋಳ್ಕರ್ ಮಾತ್ರ ಭಿನ್ನವಾಗಿ ಬರೆದರು.

ಆ ಕೊಠಡಿಯನ್ನು ಒಂದು ಸಲ ಕಣ್ಮುಂದೆ ತಂದುಕೊಳ್ಳಿ. ಹಳ್ಳಿಯಿಂದ ಬಂದ ಹುಡುಗ. ಶಾಲೆಯಲ್ಲಿ ಎನ್‌ಸಿಸಿ ಇಲ್ಲ, ಚರ್ಚಾಕೂಟ ಇಲ್ಲ. ಬೆಳಗ್ಗೆ ಹಾಲು ಕರೆದು, ಡೇರಿಗೆ ಹಾಕಿ, ಮೂರು ಮೈಲಿ ನಡೆದು ಶಾಲೆಗೆ ಹೋದವನು. ‘ಚಟುವಟಿಕೆ ಏನಪ್ಪಾ?’ ಅಂತ ಕೇಳಿದರೆ ಏನು ಹೇಳ್ತಾನೆ? ಏನೂ ಇಲ್ಲ ಸಾರ್ ಅಂತಾನೆ. ಅವನ ದಿನದಲ್ಲಿ ಇದ್ದದ್ದೆಲ್ಲಾ ಕೆಲಸ, ಚಟುವಟಿಕೆ ಅಲ್ಲ. ನ್ಯೂಜೆರ್ಸಿಯ ಹುಡುಗಿ ಹೇಳಿದ್ದೂ ಅದನ್ನೇ ಅಲ್ವಾ?

ಮುಂದೆ 1980ರಲ್ಲಿ ಅಜಯ್ ಹಸಿಯಾ ಪ್ರಕರಣದಲ್ಲಿ ಕೋರ್ಟಿನ ಧ್ವನಿ ಬದಲಾಯಿತು. ಅದು ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನದು. ಎರಡು ಮೂರು ನಿಮಿಷದ ಸಂದರ್ಶನಕ್ಕೆ ಮೂರನೇ ಒಂದು ಭಾಗ ಅಂಕ ಇಟ್ಟಿದ್ದರು. ಶೇ 15 ದಾಟಿದರೆ ಅದು ಮನಸೋಇಚ್ಛೆ ಅಂತ ಕೋರ್ಟ್ ಹೇಳಿತು. ಕರ್ನಾಟಕದಲ್ಲಿ ಆಮೇಲೆ ಸಿಇಟಿ ಬಂತು, ಈಗ ಮೆಡಿಕಲ್‌ಗೆ ನೀಟ್. ನಮ್ಮ ಕಡೆ ಈಗ ನಡೆಯೋದು ರ‍್ಯಾಂಕಿನ ಲೆಕ್ಕ. ನಂಬಿಕೆ ಕಳಕೊಂಡ ಖಾನೆಯನ್ನು ನಾವು ಮುಚ್ಚಿದೆವು, ಅಮೆರಿಕದವರು ಇಟ್ಟುಕೊಂಡು ರಿಪೇರಿ ಮಾಡ್ತಾ ಬಂದರು. ಮುಚ್ಚಿದ್ದಕ್ಕೂ ನಾವು ಬೆಲೆ ಕೊಡ್ತಿದ್ದೀವಿ. ಎರಡು ವರ್ಷ ಕೋಚಿಂಗ್ ಬಿಟ್ಟು ಬೇರೇನೂ ಮಾಡದ ಮಗುವಿಗೂ, ಮನೆ ನಿಭಾಯಿಸಿಕೊಂಡು ಓದಿದ ಮಗುವಿಗೂ ನೀಟ್‌ನಲ್ಲಿ ಇರೋದು ಒಂದೇ ಸಂಖ್ಯೆ.

ಈಗ ಆ 22ರ ಪಟ್ಟಿಗೆ ಬರೋಣ. ಚರಿತ್ರೆ ಓದಿದವನಾಗಿ ನಾನು ಅವಳಿಗೆ ಹೇಳಿದ್ದಿಷ್ಟು. 15 ಅನ್ನೋದು ಮಿತಿ, ಗುರಿ ಅಲ್ಲ. ಹೆಸರಿಗಷ್ಟೇ ಇದ್ದ ನಾಲ್ಕು ಕ್ಲಬ್ಬುಗಳನ್ನು ಮೊದಲು ಹೊಡೆದುಹಾಕು. ಒಂದು ವಾರಾಂತ್ಯದ ಶಿಬಿರಕ್ಕೆ ಅಲ್ಲಿ ಏನಾದರೂ ಕಲಿತಿದ್ದರೆ ಮಾತ್ರ ಜಾಗ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳ್ಕೋ: ‘ನಾನು ಹೋಗದಿದ್ದರೆ ಅಲ್ಲಿ ಯಾರಿಗಾದರೂ ತೊಂದರೆ ಆಗ್ತಿತ್ತಾ?’ ಕನ್ನಡ ಶಾಲೆ ಉಳೀತು, ಲ್ಯಾಬು ಉಳೀತು. ಅಂಗಡಿ ಕೆಲಸ ಒಳಗೆ ಬಂತು. ಆ ಅರ್ಜಿಯಲ್ಲೇ ಸಂಬಳದ ಕೆಲಸಕ್ಕೆ ಪ್ರತ್ಯೇಕ ವರ್ಗ ಇದೆ, ವೈದ್ಯಕೀಯಕ್ಕೆ ಸಂಬಂಧ ಇಲ್ಲದ ಕೆಲಸಕ್ಕೂ ಇದೆ. ಯಾರೂ ಅದನ್ನು ಮುಚ್ಚಿಟ್ಟಿಲ್ಲ. ನಾಚಿಕೆಯಿಂದ ಮಕ್ಕಳು ಅಲ್ಲಿಗೆ ಹೋಗಲ್ಲ, ಅಷ್ಟೇ.

ಭರತನಾಟ್ಯ ಬಿಡಲೋ ಅಂತ ಕೇಳಿದಳು. ಹನ್ನೆರಡು ವರ್ಷ ಕಲಿತಿದ್ದಾಳೆ, ಬಿಡೋದ್ಯಾಕೆ? ಆದರೆ ರಂಗಪ್ರವೇಶಕ್ಕೆ ಎಷ್ಟು ಜನ ಬಂದಿದ್ದರು ಅಂತ ಬರೀಬೇಡ, ಕಾಲು ನೋವಿದ್ದ ತಿಂಗಳು ಅಭ್ಯಾಸ ಹೇಗೆ ನಡೆಸಿದೆ ಅಂತ ಬರಿ ಅಂದೆ.

ಈ ಖಾನೆಯನ್ನು ಮನೆತನ ನೋಡೋಕೆ ಬಳಸಿದ ಕಾಲ ಇತ್ತು, ಅದನ್ನು ಮರೀಬಾರದು. ಇವತ್ತಿಗೂ ಡಾಕ್ಟರ್ ಚಿಕ್ಕಪ್ಪ ಇರೋ ಮಗುವಿಗೆ ಆಸ್ಪತ್ರೆಯಲ್ಲಿ ವೈದ್ಯರ ಹಿಂದೆ ಓಡಾಡಿ ನೋಡುವ ಅವಕಾಶ ಒಂದು ಫೋನಿನಲ್ಲಿ ಸಿಗುತ್ತೆ, ಉಳಿದವರಿಗೆ ಇಲ್ಲ. ಅದಕ್ಕೇ ಚಿಕ್ಕಪ್ಪ ಇಲ್ಲದವರು, ಮನೆಯಲ್ಲಿ ಅಜ್ಜಿಯ ಇನ್ಸುಲಿನ್ ನೋಡಿಕೊಂಡವರು, ರಾತ್ರಿ ಪಾಳಿ ಮಾಡಿದವರು ‘ನನ್ನದೇನೂ ಇಲ್ಲ’ ಅಂತ ಖಾನೆ ಖಾಲಿ ಬಿಡಬಾರದು. ಅವರು ಬಿಟ್ಟರೆ ಅದು ಮತ್ತೆ ಇದ್ದವರ ಖಾನೆಯೇ ಆಗುತ್ತೆ.

ನಿಮ್ಮ ಮನೆಯಲ್ಲೂ ಇಂಥ ಪಟ್ಟಿ ಬರೆಯುತ್ತಿರೋ ಮಕ್ಕಳಿದ್ದರೆ ಈ ಸಂಚಿಕೆ ಕೇಳಿಸಿ. ಮುಂದಿನ ವಾರ ಇನ್ನೊಂದು ಕಥೆಯೊಂದಿಗೆ ಸಿಗ್ತೀನಿ.