ಹಾಜರಿ ಕೂಗುವವರು

ಅರಬ್ಬಿಯಲ್ಲೋ ಫಾರಸಿಯಲ್ಲೋ ಹುಟ್ಟಿ, ಉರ್ದುವಿನ ಜೊತೆ ನಮ್ಮಲ್ಲಿಗೆ ಬಂದ ಮಾತುಗಳಲ್ಲಿ ಎಷ್ಟೋ ಕಚೇರಿಯ ಮೆಟ್ಟಿಲು ಇಳಿಯಲೇ ಇಲ್ಲ. ಜಮಾಬಂದಿ, ವಕಾಲತ್ತು, ದಸ್ತಾವೇಜು ಇವೆಲ್ಲ ಇಂದಿಗೂ ಕಡತದಲ್ಲೇ ಇವೆ. 'ಹಾಜರಿ' ಮಾತ್ರ ಶಾಲೆಗೆ ಹೋಯಿತು, ಹೊಲದ ಬದುವಿಗೆ ಹೋಯಿತು, ಕಡೆಗೆ ಗೆಳೆಯರ ಹರಟೆಯೊಳಗೂ ಬಂದು ಕೂತಿತು.

ಹಾಜಿರ್ ಎಂದರೆ ಎದುರಿಗೆ ಇರುವವನು. ಇದೇ ಬೇರಿನಿಂದ ಒಡೆದ ಬೇರೆ ಮಾತುಗಳನ್ನೂ ನಾವು ದಿನವೂ ಆಡುತ್ತೇವೆ. ಪ್ರಭುವಿನ ಸನ್ನಿಧಾನ 'ಹುಜೂರ್' ಆಯಿತು. ಪೂಜ್ಯರಾದವರು 'ಹಜರತ್' ಆದರು. ಪಂಚರ ಸಮಕ್ಷಮ ಬರೆದ ಕಾಗದ 'ಮಹಜರು' ಆಯಿತು. ಬ್ರಿಟಿಷ್ ಸಾಹೇಬರ ಬಂಗಲೆಗಳಲ್ಲಿ ಬೆಳಗಿನ ಚಹಾಕ್ಕೂ 'ಛೋಟಾ ಹಾಜರಿ' ಎಂಬ ಹೆಸರಿತ್ತು. ನಮ್ಮ ಕನ್ನಡದಲ್ಲಿ ಆರೋಪಿ ಕೋರ್ಟಿಗೆ ಹಾಜರಾಗುತ್ತಾನೆ, ತಾನಾಗಿ ಆಗದಿದ್ದರೆ ಪೊಲೀಸರು ಹಾಜರುಪಡಿಸುತ್ತಾರೆ. ಕೂಲಿಯವರಿಗೆ ಹಾಜರಿ ಬಿದ್ದರೇ ಪಗಾರ. ಹಾಜರಾತಿ ಸಾಲದಿದ್ದರೆ ಹುಡುಗರಿಗೆ ಪರೀಕ್ಷೆಯ ಬಾಗಿಲು ಮುಚ್ಚುತ್ತದೆ. ಈ ಎಲ್ಲ ಕಡೆಯೂ ಹಾಜರಿ ಕೇಳುವವರು ಮೇಲಿನವರು, ಹೇಳುವವರು ಕೆಳಗಿನವರು. ಹಳೆಯ ಸಹಪಾಠಿಗಳ ನಡುವೆ ಈ ಮಾತು ಓಡಾಡುವಾಗ ಮಾತ್ರ ಆ ಮೇಲು ಕೆಳಗು ಕಳಚಿ ಬೀಳುತ್ತದೆ. ನನಗೆ ಈ ಮಾತು ಪ್ರಿಯವಾದದ್ದು ಅಲ್ಲಿಯೇ.

ಹೈದರಾಬಾದಿನಲ್ಲಿ ನಮ್ಮದೊಂದು ಗುಂಪಿದೆ. ಕಲಬುರಗಿ, ಬೀದರ, ರಾಯಚೂರು, ತಾಂಡೂರು, ನಾರಾಯಣಪೇಟೆಗಳಿಂದ ಎಪ್ಪತ್ತರ ದಶಕದಲ್ಲಿ ಬಂದು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದವರು. ಕೆಲವರು ಊರಿಗೆ ಮರಳಿದರು, ಕೆಲವರು ಇಲ್ಲೇ ನಿಂತರು, ಕೆಲವರು ಮಕ್ಕಳ ಹಿಂದೆ ಡಲ್ಲಾಸ್, ಸಿಡ್ನಿ ಅಂತ ಹೋದರು. ಕಾಚಿಗೂಡಾದ ನೃಪತುಂಗ ಶಾಲೆಯಲ್ಲಿ ಕನ್ನಡದಲ್ಲೇ ಅಕ್ಷರ ಕಲಿತ ಇಲ್ಲಿಯ ಹುಡುಗರೂ ನಮ್ಮೊಡನಿದ್ದರು. ಈಗ ಎಲ್ಲರೂ ಪಿಂಚಣಿಯವರು. ಬೆಳಿಗ್ಗೆ ಎದ್ದವರು ವಾಟ್ಸಾಪಿನಲ್ಲಿ 'ಹಾಜರ್' ಅಂತ ಒಂದೇ ಮಾತು ಹಾಕುತ್ತಾರೆ. ಹೂವಿನ ಚಿತ್ರ, ಸುಭಾಷಿತ ಯಾವುದೂ ಇಲ್ಲ. ಎರಡು ದಿನ ಒಬ್ಬರ ಹೆಸರು ಕಾಣದಿದ್ದರೆ ಮೂರನೆಯ ದಿನ ಯಾರಾದರೂ ಕೇಳುತ್ತಾರೆ: "ಏನಪಾ, ಎಲ್ಲಿದ್ದಿ? ದನಿನೇ ಇಲ್ಲಲ್ಲ!" ಸಂಜೆಯೊಳಗೆ ಉತ್ತರ ಬರುತ್ತದೆ: "ಹಾಜರ್ ಇದೀನೋ ಮಾರಾಯಾ. ಕಣ್ಣಿನ ಆಪರೇಷನ್ ಆಗೇದ, ಫೋನ್ ನೋಡಬ್ಯಾಡ ಅಂದಾರ."

ಬೆಂಗಳೂರಿನವರು 'ಪ್ರೆಸೆಂಟ್ ಸಾರ್' ಎಂದಾರು. ನಮ್ಮ ಬಾಯಿಗೆ 'ಹಾಜರ್' ಬಂದದ್ದಕ್ಕೆ ಚರಿತ್ರೆಯ ಕಾರಣವಿದೆ. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1918ರಲ್ಲಿ ಸ್ಥಾಪಿಸಿದ ಉಸ್ಮಾನಿಯಾದಲ್ಲಿ ಪಾಠಗಳೆಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದವು. ಭೌತಶಾಸ್ತ್ರವೂ ಉರ್ದು, ವೈದ್ಯವೂ ಉರ್ದು. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಆಗ ನಿಜಾಮರ ಆಳಿಕೆಯಲ್ಲಿದ್ದವು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ದಖನಿ, ತರಗತಿಯಲ್ಲಿ ಪುಸ್ತಕದ ಉರ್ದು, ಹೀಗೆ ಮೂರು ನಾಲಗೆಯಲ್ಲಿ ಬೆಳೆದ ಹುಡುಗರು ಹೆಸರು ಕೂಗಿದಾಗ ಎದ್ದು ನಿಂತು 'ಹಾಜಿರ್ ಜನಾಬ್' ಎನ್ನುತ್ತಿದ್ದರು. ನಮ್ಮ ಕಾಲಕ್ಕೆ ಪಾಠ ಇಂಗ್ಲಿಷಿಗೆ ತಿರುಗಿತ್ತು. ಅಪ್ಪಂದಿರ ಬಾಯಿಂದ ಕೇಳಿದ 'ಹಾಜಿರ್' ನಮ್ಮಲ್ಲಿ 'ಹಾಜರ್' ಆಗಿ ಉಳಿಯಿತು.

ಆ ಹಳೆಯ ಹಾಜರಿ ಪುಸ್ತಕಗಳಲ್ಲಿ ಎಂಥೆಂಥವರ ಹೆಸರಿದ್ದವು! ಕ್ರಾಂತಿಯ ಕವಿ ಮಖ್ದೂಮ್ ಮೊಹಿಯುದ್ದೀನ್ ಅಲ್ಲಿ ಓದಿದವರು. ತೆಲುಗಿಗೆ ಜ್ಞಾನಪೀಠ ತಂದ ಸಿ. ನಾರಾಯಣ ರೆಡ್ಡಿ ಅಲ್ಲಿಯವರು. ದ್ಯಾಂಪುರದಿಂದ ಹೋದ ಸಿದ್ದಯ್ಯ ಪುರಾಣಿಕರು, ಮುಂದೆ ನಮ್ಮ ಮುಖ್ಯಮಂತ್ರಿಗಳಾದ ವೀರೇಂದ್ರ ಪಾಟೀಲರು, ಧರ್ಮಸಿಂಗ್ ಅವರು, ಎಲ್ಲರೂ ಆ ಅಂಗಳ ತುಳಿದವರೇ.

ಹಾಜರಿ ಪುಸ್ತಕದಿಂದ ಹೆಸರು ಹೊಡೆದು ಹಾಕಿದ್ದೂ ಉಂಟು. 1938ರಲ್ಲಿ ಹಾಸ್ಟೆಲಿನ ಪ್ರಾರ್ಥನೆಯಲ್ಲಿ ವಂದೇ ಮಾತರಂ ಹಾಡಕೂಡದು ಎಂದಾಗ ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಬಂದರು. ನೂರಾರು ಜನರನ್ನು ಕಾಲೇಜಿನಿಂದ ಹೊರಹಾಕಲಾಯಿತು. ನಾಗಪುರ ವಿಶ್ವವಿದ್ಯಾಲಯ ಅವರಿಗೆ ಬಾಗಿಲು ತೆರೆಯಿತು. ಪಿ.ವಿ. ನರಸಿಂಹ ರಾವ್ ಅವರೂ ಹಾಗೆ ನಾಗಪುರಕ್ಕೆ ಹೋಗಿ ಓದು ಮುಗಿಸಿದವರು.

ಆಮೇಲೆ 1948ರ ಪೊಲೀಸ್ ಕಾರ್ಯಾಚರಣೆ. ಅದಾಗಿ ಎಂಟು ವರ್ಷಕ್ಕೆ, 1956ರ ನವೆಂಬರ್ 1ರಂದು, ಹೈದರಾಬಾದ್ ರಾಜ್ಯವೇ ನಕಾಶೆಯಿಂದ ಹೋಯಿತು. ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದ ಮೂವರಲ್ಲಿ ಕಲಬುರಗಿಯವನು ಮೈಸೂರು ರಾಜ್ಯದವನಾದ, ನಾಂದೇಡದವನು ಮುಂಬಯಿ ರಾಜ್ಯದವನಾದ, ವರಂಗಲ್ಲಿನವನು ಆಂಧ್ರಪ್ರದೇಶದವನಾದ. ಏಕೀಕರಣ ನಮ್ಮ ಹಿರಿಯರು ಹೋರಾಡಿ ಪಡೆದದ್ದು, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಮೂರು ಪಾಲಾದ ಆ ಸಹಪಾಠಿಗಳ ಸಂಕಟವನ್ನು ಯಾರೂ ಅಷ್ಟಾಗಿ ಬರೆಯಲಿಲ್ಲ ಎಂಬ ಕೊರಗೂ ಇದೆ.

ನನ್ನ ತಂದೆಯವರ ಟ್ರಂಕಿನಲ್ಲಿ ಅವರ ಸಹಪಾಠಿಗಳ ಕಾರ್ಡುಗಳ ಒಂದು ಕಟ್ಟಿತ್ತು. ಅಂಚು ಹಳದಿಯಾದ, ಮಧ್ಯದಲ್ಲಿ ಸೂಜಿ ತೂರಿಸಿ ದಾರ ಪೋಣಿಸಿದ ಪೋಸ್ಟ್ ಕಾರ್ಡುಗಳು. ಬರೆದವರು ಮರಾಠಿಯವರು, ತೆಲುಗಿನವರು. ಓದುತ್ತಿದ್ದವರು ಕನ್ನಡದವರು. ಅಕ್ಷರ ಮಾತ್ರ ಉರ್ದು, ಬಲದಿಂದ ಎಡಕ್ಕೆ, ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದ ಕೊನೆಯ ಸಾಲುಗಳು. ಮೂವರಿಗೂ ಕೂಡಿ ಬಳಸಲು ಇದ್ದ ಲಿಪಿ ಅದೊಂದೇ. ಮೊದಲ ಸಾಲು ಎಲ್ಲದರಲ್ಲೂ ಒಂದೇ ಬಗೆ: ಇಲ್ಲಿ ಖೈರಿಯತ್ (ಕ್ಷೇಮ) ಇದೆ, ನಿಮ್ಮ ಖೈರಿಯತ್ ಬಯಸುತ್ತೇನೆ. ಆಮೇಲೆ ಮಗಳ ಮದುವೆ, ಬಡ್ತಿ, ಬಾವಿಗೆ ನೀರು ಬಂದದ್ದು, ತಾಯಿ ಹೋದದ್ದು. ಒಂದು ಕಾರ್ಡಿನಲ್ಲಿ ಖೈರಿಯತ್ ಬಿಟ್ಟರೆ ಬೇರೇನೂ ಇರಲಿಲ್ಲ. ಹೇಳುವ ಸುದ್ದಿ ಏನೂ ಇಲ್ಲದಾಗಲೂ ಹದಿನೈದು ಪೈಸೆ ಕೊಟ್ಟು ಬರೆದಿದ್ದರು, ನಾನಿದ್ದೇನೆ ಎಂದು ಹೇಳಲು.

ನಮ್ಮ ಗುಂಪಿನ 'ಹಾಜರ್' ಆ ಕಾರ್ಡಿನ ಮಗುವೇ ಸರಿ.

ಕಾಲೇಜಿನಲ್ಲಿ ಈ ಮಾತಿಗೆ ಇನ್ನೊಂದು ಅವತಾರವಿತ್ತು, ಪ್ರಾಕ್ಸಿ. ಗೆಳೆಯ ಅಬಿಡ್ಸಿನಲ್ಲಿ ಸಿನಿಮಾ ನೋಡುತ್ತಿರುವಾಗ ಹಿಂದಿನ ಬೆಂಚಿನಿಂದ ದನಿ ಬದಲಿಸಿ ಅವನ ಹಾಜರಿ ಹೇಳುವುದು. ಆಗ ಅದು ತುಂಟತನ. ಈ ವಯಸ್ಸಿನಲ್ಲಿ ಅದೇ ಪ್ರಾಕ್ಸಿಯ ತೂಕ ಬೇರೆ. ನಮ್ಮಲ್ಲೊಬ್ಬನಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿತ್ತು, ಮಾತೂ ತೊದಲಾಯಿತು. ಮಲಕಪೇಟೆಯಲ್ಲಿ ಅವನ ಮನೆಯ ಹತ್ತಿರವೇ ಇರುವ ಇನ್ನೊಬ್ಬ ಗೆಳೆಯ ವಾರಕ್ಕೆರಡು ಸಲ ಹೋಗಿ ಕೂತು, ಅವನ ಫೋನಿನಲ್ಲಿ ಅವನ ಪರವಾಗಿ 'ಹಾಜರ್' ಒತ್ತಿ ಬರುತ್ತಾನೆ. ಗುಂಪಿನ ಎಲ್ಲರಿಗೂ ಇದು ಗೊತ್ತು. ಆದರೂ ಎಲ್ಲರೂ ಅವನಿಗೇ ಉತ್ತರ ಬರೆಯುತ್ತಾರೆ, ಹಳೆಯ ಹಾಗೆ ಬೈಯುತ್ತಾರೆ. ಅವನು ಅದನ್ನು ಓದಿಸಿಕೊಂಡು ನಗುತ್ತಾನಂತೆ.

ಒಂದು ಬೆಳಿಗ್ಗೆ ಇನ್ನೊಬ್ಬ ಗೆಳೆಯನ ಹೆಸರಿನಲ್ಲಿ ಸಂದೇಶ ಬಂತು. ತೆರೆದರೆ, 'ನಾನು ಮಗಳು ಬರೆಯುತ್ತಿದ್ದೇನೆ' ಎಂದಿತ್ತು. ಮುಂದೆ ಓದುವ ಮೊದಲೇ ಎಲ್ಲ ತಿಳಿದುಹೋಯಿತು. ಅವನ ನಂಬರನ್ನು ಗುಂಪಿನಿಂದ ತೆಗೆಯುವ ಮಾತು ಬಂದಾಗ ಆ ಹುಡುಗಿಯೇ ಬೇಡ ಅಂದಳು. ಅಪ್ಪನ ಗೆಳೆಯರ ಮಾತು ತನಗೆ ಬರುತ್ತಿರಲಿ ಎಂದಳು. ಈಗ ತನ್ನ ಮಗನ ಫಲಿತಾಂಶವನ್ನೂ ನಮಗೇ ಮೊದಲು ಹೇಳುತ್ತಾಳೆ, ಕಾಕಾ ಅಂತ ಕರೆದು.

ಹಾಜರಿಗೆ ಎದುರು ಮಾತು ಗೈರುಹಾಜರಿ. 'ಗೈರ್' ಅಂದರೆ ಬೇರೆ, ಹೊರತು, ಪರ. ನಮ್ಮ ಕಡೆ ಇಬ್ಬರ ನಡುವೆ ತಪ್ಪು ತಿಳಿವಳಿಕೆಯಾದರೆ 'ಗೈರಸಮಜ' ಎನ್ನುತ್ತೇವೆ. ಉರ್ದುವಿನಲ್ಲಿ ನಮ್ಮವರಲ್ಲದವರೂ 'ಗೈರ್'. ಈ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡೇ ನಮ್ಮ ಗುಂಪಿನ ಗೈರುಹಾಜರಿಯನ್ನು ನಾನು ನೋಡುತ್ತೇನೆ. ಬಾರದವರು ಬರಲಾಗದವರಲ್ಲ, ತಾವು ಪರಕೀಯರು ಎಂದುಕೊಂಡವರು. ಮಗನಿಗೆ ಕೆಲಸ ಸಿಗಲಿಲ್ಲ, ಮಗಳ ಮದುವೆ ಮುರಿಯಿತು, ವ್ಯಾಪಾರ ಮುಳುಗಿತು, ಅದೇ ಹೊತ್ತಿಗೆ ಗುಂಪಿನಲ್ಲಿ ಒಬ್ಬರ ಹೊಸ ಮನೆಯ ಚಿತ್ರ, ಇನ್ನೊಬ್ಬರ ಯೂರೋಪ್ ಪ್ರವಾಸದ ಚಿತ್ರ. ಅವರು ಜಗಳವಾಡದೆ ಸುಮ್ಮನೆ ಹಿಂದೆ ಸರಿಯುತ್ತಾರೆ. ಸಂತೋಷದ ಸುದ್ದಿ ಹಂಚಬಾರದು ಎಂದಲ್ಲ. ಇಷ್ಟು ವರ್ಷದ ಗೆಳೆಯರಲ್ಲಿ ಹೇಳದೆ ಇನ್ನೆಲ್ಲಿ ಹೇಳುವುದು? ಆದರೆ ಸಂತೋಷ ಒಂದೇ ಸುದ್ದಿಯಾಗಿಬಿಟ್ಟ ಗುಂಪಿನಲ್ಲಿ ದುಃಖಿಗೆ ಕೂರಲು ಬೆಂಚಿಲ್ಲ. ಗೆಟ್‌ಟುಗೆದರಿಗೆ ಶಾಲು, ಹಾರ, ಸ್ಮರಣಿಕೆಗಳ ಖರ್ಚು ಹಾಕಿ ತಲೆಗೆ ಇಷ್ಟು ಎಂದು ವಸೂಲಿ ಮಾಡುವ ಈಗಿನ ರೂಢಿ ನನಗೆ ಒಪ್ಪಿಗೆಯಿಲ್ಲ. ಆ ಹಣ ಕೊಡಲಾಗದವನು ಬಾಯಿಬಿಟ್ಟು ಹೇಳುವುದಿಲ್ಲ, ಬರುವುದೂ ಇಲ್ಲ. ಬಡೀ ಚೌಡಿಯ ಒಂದು ಸಣ್ಣ ಹೋಟೆಲಿನಲ್ಲಿ ಇಡ್ಲಿ ತಿಂದು ಚಹಾ ಕುಡಿದರೆ ಸಾಕು, ಸೇರಿದ್ದೇ ಸಮಾರಂಭ.

ಎಲ್ಲಕ್ಕಿಂತ ದೊಡ್ಡ ಗೈರುಹಾಜರಿ ನಮ್ಮ ಜೊತೆ ಓದಿದ ಹೆಣ್ಣುಮಕ್ಕಳದು. ಕೋಠಿಯ ಹಳೆಯ ರೆಸಿಡೆನ್ಸಿ ಕಟ್ಟಡದಲ್ಲಿದ್ದ ಮಹಿಳಾ ಕಾಲೇಜು 1924ರಲ್ಲಿ ಶುರುವಾದದ್ದು. ನಮ್ಮ ಅಕ್ಕತಂಗಿಯರು, ಓಣಿಯ ಹುಡುಗಿಯರು ಅಲ್ಲಿ ಓದಿದರು. ಕ್ಯಾಂಪಸ್ಸಿನಲ್ಲಿ ನಮ್ಮ ತರಗತಿಯಲ್ಲೂ ಕೆಲವರಿದ್ದರು, ಹಲವರು ನಮಗಿಂತ ಜಾಣೆಯರು. ಅವರನ್ನು ಹುಡುಕಲು ಹೊರಟರೆ ದಾರಿಯೇ ಸಿಗುವುದಿಲ್ಲ. ಹಾಜರಿ ಪುಸ್ತಕದಲ್ಲಿದ್ದ ಹೆಸರಿಗೆ ತಂದೆಯ ಹೆಸರು ಅಂಟಿತ್ತು. ಮದುವೆಯಲ್ಲಿ ಅಡ್ಡಹೆಸರು ಬದಲಾಯಿತು. ನಮ್ಮ ಸೀಮೆಯ ಕೆಲವು ಮನೆತನಗಳಲ್ಲಿ ಧಾರೆಯ ದಿನ ಸೊಸೆಯ ಹೆಸರನ್ನೇ ಬದಲಿಸುವ ಪದ್ಧತಿಯಿತ್ತು. ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆಸಿದರೆ ಮುಗಿಯಿತು, ಹಳೆಯ ಹೆಸರನ್ನು ಕರೆಯುವವರು ತವರಿನವರು ಮತ್ತು ಗೆಳತಿಯರು ಮಾತ್ರ. ಹೀಗಾಗಿ ಹೆಂಗಸರಿಗೆ ಸಹಪಾಠಿ ಎಂದರೆ ಗಂಡಸರಿಗಿಂತ ಹೆಚ್ಚು. ತಮ್ಮ ಮೊದಲ ಹೆಸರನ್ನು ಬಲ್ಲವರು ಅವರು. ಇತ್ತೀಚೆಗೆ ಹಾಗೆ ಸಿಕ್ಕ ಒಬ್ಬ ಸಹಪಾಠಿನಿಯನ್ನು ನಮ್ಮವರು ಕಾಲೇಜಿನ ಹೆಸರು ಹಿಡಿದು ಫೋನಿನಲ್ಲಿ ಮಾತಾಡಿಸಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹೆಸರಿಲೆ ಕರದು ಭಾಳ ವರ್ಷ ಆತ್ರೀ" ಅಂದರು. ಮೊಮ್ಮಕ್ಕಳಿಗೆ ತಮ್ಮ ಅಜ್ಜಿಗೆ ಇನ್ನೊಂದು ಹೆಸರಿದೆ ಎಂದು ಗೊತ್ತಾದದ್ದು ಆ ದಿನವೇ.

ಹಾಜರಿ ಹೇಳಬೇಕಾದರೆ ಯಾರಾದರೂ ಹೆಸರು ಕೂಗಬೇಕು. ಮೇಷ್ಟ್ರು ಇಲ್ಲದ ಈ ತರಗತಿಯಲ್ಲಿ ಆ ಕೆಲಸ ಪ್ರತಿ ಬ್ಯಾಚಿನಲ್ಲೂ ಒಬ್ಬರ ತಲೆಗೆ ಬಂದಿರುತ್ತದೆ. ವಿಳಾಸ, ಫೋನ್ ನಂಬರು, ಯಾರಿಗೆ ಸಕ್ಕರೆ ಕಾಯಿಲೆ, ಹೆಂಡತಿ ತೀರಿಕೊಂಡು ಯಾರು ಒಂಟಿಯಾಗಿದ್ದಾರೆ, ಎಲ್ಲ ಒಂದು ಡೈರಿಯಲ್ಲಿ ಬರೆದಿಟ್ಟುಕೊಂಡವರು. ತರಗತಿಯಲ್ಲಿ ಅವರು ಮೊದಲಿಗರಾಗಿರಲಿಲ್ಲ, ಭಾಷಣಕಾರರೂ ಅಲ್ಲ. ನಮ್ಮಲ್ಲಿ ಈ ಕೆಲಸ ಮಾಡುವಾತ ಕಾಲೇಜಿನಲ್ಲಿ ಬಾಯಿ ತೆರೆದದ್ದನ್ನು ನಾನು ಕಂಡಿಲ್ಲ. ಒಂದು ಬ್ಯಾಚು ಉಳಿಯುವುದು ಇಂಥವರಿಂದ. ಅವರಿಗೆ ವಯಸ್ಸಾಗುತ್ತಿದೆ, ಡೈರಿಯನ್ನು ಇನ್ನೊಬ್ಬರ ಕೈಗೆ ಕೊಡುವ ಹೊತ್ತು ಬಂದಿದೆ.

ನೀವೂ ಯಾವುದೋ ಒಂದು ಬ್ಯಾಚಿನವರೇ. ನಿಮ್ಮ ಗುಂಪಿನ ಪಟ್ಟಿಯನ್ನು ಇವತ್ತು ಒಮ್ಮೆ ಮೇಲಿಂದ ಕೆಳಗೆ ನೋಡಿ. ಬಹಳ ದಿನದಿಂದ ದನಿ ಕೇಳದ ಒಂದು ಹೆಸರು ಸಿಕ್ಕೇ ಸಿಗುತ್ತದೆ. ಅವರಿಗೆ ಸಂದೇಶ ಕಳಿಸಬೇಡಿ, ಫೋನ್ ಮಾಡಿ. ಎತ್ತದಿದ್ದರೆ ಅದೇ ಊರಿನಲ್ಲಿರುವ ಇನ್ನೊಬ್ಬ ಸಹಪಾಠಿಗೆ ಹೇಳಿ, ಮನೆಗೇ ಹೋಗಿ ನೋಡಿಕೊಂಡು ಬರಲಿ.